ಊರೂರು ಸುತ್ತಿದ ಶಾಲೆಯ ಗುರು: ಪಂಚಾಕ್ಷರಿ ಗವಾಯಿ

ಮಕ್ಕಳೇ, ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಡೆದುಹೋಗುವಾಗ ನಿಮ್ಮ ಕಿವಿಗೆ ಏನು ಬೀಳುತ್ತದೆ? ವಿದ್ಯುತ್ ಮಗ್ಗಗಳ ಟಕಟಕ ಸದ್ದು, ಅಲ್ಲವೆ? ಹೊಸಬರಿಗೆ ಅದು ಬರೀ ಗದ್ದಲ. ಆದರೆ ಮಗ್ಗದ ಮನೆಯಲ್ಲೇ ಬೆಳೆದವರಿಗೆ ಹಾಗಲ್ಲ. ಪಕ್ಕದ ಕೋಣೆಯಲ್ಲಿ ಕುಳಿತಿದ್ದರೂ ಸದ್ದು ಕೊಂಚ ಬದಲಾದರೆ ಸಾಕು, ಮಗ್ಗದಲ್ಲಿ ಏನೋ ಎಡವಟ್ಟಾಗಿದೆ ಎಂದು ತಿಳಿದುಬಿಡುತ್ತದೆ. ದೇವನಹಳ್ಳಿ ಕಡೆಯ ಮಕ್ಕಳನ್ನು ಕೇಳಿ. ವಿಮಾನ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಲೆ ಎತ್ತದೆಯೇ ಹೇಳುವವರು ಅಲ್ಲಿ ಸಿಗುತ್ತಾರೆ. ಇವರ ಕಿವಿ ಬೇರೆಯವರ ಕಿವಿಗಿಂತ ದೊಡ್ಡದೇನಲ್ಲ. ದಿನವೂ ಕೇಳಿ ಕೇಳಿ ಇವರ ಮೆದುಳು ಆ ಸದ್ದನ್ನು ಓದಲು ಕಲಿತಿದೆ, ಅಷ್ಟೆ.

ಇದನ್ನು ನೆನಪಿನಲ್ಲಿಟ್ಟುಕೊಂಡು, ಕಿವಿಯಿಂದಲೇ ದೊಡ್ಡ ವಿದ್ಯೆ ಕಲಿತ, ಕಲಿತದ್ದನ್ನು ನೂರಾರು ಮಕ್ಕಳಿಗೆ ದಾಟಿಸಿದ ಒಬ್ಬ ಗುರುವಿನ ಜೀವನವನ್ನು ಓದಿ. ಅವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಗವಾಯಿ ಎಂದರೆ ಹಾಡುಗಾರ.

ನೆಲಮಂಗಲದ ಮೇಲೆ ಹಾದುಹೋಗುವ ಪುಣೆ ಹೆದ್ದಾರಿಯನ್ನು ಹಿಡಿದು ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹೋದರೆ ಹಾವೇರಿ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹಾನಗಲ್ಲ. ಈ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಎಂಬ ಪುಟ್ಟ ಊರಿನಲ್ಲಿ 1892ರ ಫೆಬ್ರವರಿ 2ರಂದು ಒಂದು ಗಂಡು ಮಗು ಹುಟ್ಟಿತು. ಹೆಸರು ಗದಿಗೆಯ್ಯ. ಎಳವೆಯಿಂದಲೇ ಆ ಮಗುವಿಗೆ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಾಣುತ್ತಿರಲಿಲ್ಲ. ಒಂದೇ ಬಡ ಮನೆಯಲ್ಲಿ ಕಣ್ಣು ಕಾಣದ ಇಬ್ಬರು ಮಕ್ಕಳು!

ಆಗಿನ ಕಾಲದಲ್ಲಿ ಹಳ್ಳಿಯ ಅಂಧ ಮಗುವಿನ ಪಾಡು ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ. ಉಳಿದ ಮಕ್ಕಳು ಹೊಲಕ್ಕೋ ಮಠದ ಶಾಲೆಗೋ ಹೋದರೆ ಈ ಮಗು ಜಗಲಿಯ ಮೇಲೆ ಕುಳಿತಿರಬೇಕು. ದೊಡ್ಡವನಾದ ಮೇಲೆ ಯಾರಾದರೂ ಕೋಲು ಹಿಡಿದು ಕರೆದುಕೊಂಡು ಹೋದರೆ ಸಂತೆಯಲ್ಲೋ ಜಾತ್ರೆಯಲ್ಲೋ ಕೈಚಾಚಬೇಕು. ಹಿಂದಿನ ಜನ್ಮದ ಪಾಪದಿಂದ ಹೀಗಾಗಿದೆ ಎಂದು ಹೇಳುವವರೂ ಇದ್ದರು. ಈಗಲೂ ಅಲ್ಲಲ್ಲಿ ಈ ಮಾತು ಕೇಳಿಬರುತ್ತದೆ. ವಿಜ್ಞಾನ ಓದುವ ನೀವು ಇದನ್ನು ಒಪ್ಪಬೇಕಾಗಿಲ್ಲ. ಮಕ್ಕಳ ದೃಷ್ಟಿ ಹೋಗಲು ದೇಹಕ್ಕೆ ಸಂಬಂಧಿಸಿದ ಕಾರಣಗಳಿವೆ. ಎ ಅನ್ನಾಂಗದ ಕೊರತೆ, ಸಿಡುಬು, ದಡಾರ, ಹುಟ್ಟಿನಿಂದ ಬರುವ ಕಣ್ಣಿನ ಪೊರೆ, ತಂದೆ ತಾಯಿಯಿಂದ ಬರುವ ಗುಣಾಣುಗಳಲ್ಲಿನ ವ್ಯತ್ಯಾಸ, ಇಂತಹವು. ಸಿಡುಬು ನಮ್ಮ ದೇಶದಲ್ಲಿ ಕಡೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. ನಿಮ್ಮ ತಂಗಿ ತಮ್ಮಂದಿರಿಗೆ ಅಂಗನವಾಡಿಯಲ್ಲಿ ಎ ಅನ್ನಾಂಗದ ದ್ರಾವಣ ಕುಡಿಸುವುದು, ದಡಾರದ ಚುಚ್ಚುಮದ್ದು ಹಾಕಿಸುವುದು ಕಣ್ಣುಗಳನ್ನೂ ಕಾಪಾಡುತ್ತದೆ.

ಗದಿಗೆಯ್ಯ ಮತ್ತು ಗುರುಬಸಯ್ಯ ಜಗಲಿಯ ಮೇಲೆಯೇ ಉಳಿಯಲಿಲ್ಲ. ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಕೇಳಿದ ಹಾಡನ್ನು ಹಾಗೆಯೇ ಹಾಡುತ್ತಿದ್ದರು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಈ ಅಣ್ಣತಮ್ಮಂದಿರ ಹಾಡು ಕೇಳಿದರು. ಕೇಳಿ ಮೆಚ್ಚಿ, ಕೈಗೆ ಕಾಸು ಕೊಟ್ಟು ಕಳುಹಿಸಿದ್ದರೆ ನಾವು ಈಗ ಈ ಕಥೆ ಓದುತ್ತಿರಲಿಲ್ಲ. ಸ್ವಾಮಿಗಳು ಹಾಗೆ ಮಾಡಲಿಲ್ಲ. ಮಕ್ಕಳನ್ನು ತಮ್ಮೊಂದಿಗೆ ಕರೆದುಕೊಂಡು ಹೋಗಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನಿಗೆ ಪಂಚಾಕ್ಷರಿ ಎಂಬ ಹೊಸ ಹೆಸರು ಬಂದಿತು.

ಇಲ್ಲಿ ಒಂದು ಪ್ರಶ್ನೆ. ಸ್ವಾಮಿಗಳು ಸಂಗೀತವನ್ನೇ ಏಕೆ ಆರಿಸಿದರು? ಮಕ್ಕಳ ಕಂಠ ಚೆನ್ನಾಗಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಊಹಿಸಬಹುದು. ನಮ್ಮ ನಾಡಿನಲ್ಲಿ ಸಂಗೀತವನ್ನು ಕಲಿಸುವುದು ಬಾಯಿಂದ ಕಿವಿಗೆ. ಗುರು ಹಾಡುತ್ತಾರೆ, ಶಿಷ್ಯ ಕೇಳಿ ಹಾಡುತ್ತಾನೆ. ತಪ್ಪಿದರೆ ಗುರು ಮತ್ತೆ ಹಾಡುತ್ತಾರೆ. ಕರಿಹಲಗೆಯೂ ಬೇಡ, ಪುಸ್ತಕವೂ ಬೇಡ. ಅಂತಹ ಪಾಠದಲ್ಲಿ ಕಣ್ಣು ಕಾಣುವ ಹುಡುಗ, ಕಾಣದ ಹುಡುಗ ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಠದ ಶಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಲು ಆಗದ ಹುಡುಗನೇ ಇಲ್ಲಿ ಎಲ್ಲರಿಗಿಂತ ಮುಂದೆ ಹೋಗಬಹುದು. ಹುಡುಗ ಅದೇ, ಕಣ್ಣೂ ಅದೇ. ಬದಲಾದದ್ದು ಕಲಿಸುವ ರೀತಿ.

ಓದು ಬರಹಕ್ಕೆ ಬೇರೆ ದಾರಿ ಇರಲಿಲ್ಲವೆ? ಜಗತ್ತಿನಲ್ಲಿ ಇತ್ತು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ (1809–1852) ಎಂಬ ಅಂಧ ಹುಡುಗ ಹದಿನೈದನೆಯ ವಯಸ್ಸಿನಲ್ಲೇ ಉಬ್ಬು ಚುಕ್ಕೆಗಳ ಲಿಪಿಯೊಂದನ್ನು ರೂಪಿಸಿದ್ದ. ಅದಕ್ಕೂ ಮೊದಲು ಹನ್ನೆರಡು ಚುಕ್ಕೆಗಳ ಒಂದು ಬರಹವಿತ್ತು. ಅದರ ಒಂದು ಅಕ್ಷರ ಬೆರಳ ತುದಿಯೊಳಗೆ ಹಿಡಿಸುತ್ತಿರಲಿಲ್ಲ. ಬ್ರೈಲ್ ಅದನ್ನು ಆರು ಚುಕ್ಕೆಗೆ ಇಳಿಸಿದ. ಆರು ಚುಕ್ಕೆಗಳಲ್ಲಿ ಕೆಲವನ್ನು ಉಬ್ಬಿಸಿ, ಕೆಲವನ್ನು ಬಿಟ್ಟು 63 ಬೇರೆ ಬೇರೆ ಗುರುತುಗಳನ್ನು ಮಾಡಬಹುದು. (ಹೇಗೆ 63 ಬಂದಿತು? ಗಣಿತದ ಮೇಷ್ಟ್ರನ್ನು ಕೇಳಿ.) ಆದರೆ ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಒಪ್ಪಿಗೆಯಾದದ್ದು 1951ರಲ್ಲಿ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಆಗ ಪಂಚಾಕ್ಷರಿಗೆ ಒಂಬತ್ತು ವರ್ಷ. ಹಾನಗಲ್ಲ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಬೇರೆ ರಾಜ್ಯವೇ ಆಗಿತ್ತು. ಕಾಡಶೆಟ್ಟಿಹಳ್ಳಿಯ ಹುಡುಗನಿಗೆ ಇವೆಲ್ಲ ನಿಲುಕುವಂತಿರಲಿಲ್ಲ.

ಪಂಚಾಕ್ಷರಿ ಮೈಸೂರಿಗೆ ಹೋದದ್ದು ನಿಜ, ಆದರೆ ಸಂಗೀತಕ್ಕಾಗಿ. ಅಲ್ಲಿ ಕರ್ನಾಟಕ ಸಂಗೀತ ಕಲಿತರು. ಅನಂತರ ಮಿರಜಿನ ನೀಲಕಂಠಬುವಾ ಅವರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಮುಂದೆ ಬಹಳ ದೊಡ್ಡ ಗಾಯಕರಾದ ಮಲ್ಲಿಕಾರ್ಜುನ ಮನಸೂರರಿಗೂ ಇದೇ ನೀಲಕಂಠಬುವಾ ಗುರುಗಳು. ದಕ್ಷಿಣದ ಸಂಗೀತ, ಉತ್ತರದ ಸಂಗೀತ ಎರಡನ್ನೂ ಕರಗತ ಮಾಡಿಕೊಂಡವರು ಆಗಲೂ ವಿರಳ, ಈಗಲೂ ವಿರಳ. ಹಾಡುವುದಷ್ಟೇ ಅಲ್ಲ, ತಬಲ ಬಾರಿಸುವುದರಲ್ಲೂ ಅವರು ನುರಿತರು.

ತಬಲ ಎಂದಾಗ ಒಂದು ವಿಷಯ ಹೇಳಲೇಬೇಕು. ಖಾಲಿ ಡಬ್ಬ ಬಡಿದರೆ ಬರುವುದು ಸದ್ದು, ತಬಲ ಬಾರಿಸಿದರೆ ಬರುವುದು ಸ್ವರ. ವ್ಯತ್ಯಾಸ ಎಲ್ಲಿದೆ? ತಬಲದ ಚರ್ಮದ ಮೇಲೆ ಕಪ್ಪು ಬಿಲ್ಲೆಯಂತಹ ವೃತ್ತವನ್ನು ನೀವು ನೋಡಿರುತ್ತೀರಿ. ಕಬ್ಬಿಣದ ಪುಡಿ ಮುಂತಾದವನ್ನು ಅಂಟಿನೊಡನೆ ಕಲೆಸಿ, ಪದರ ಪದರವಾಗಿ ಉಜ್ಜಿ ಅದನ್ನು ಕೂರಿಸುತ್ತಾರೆ. ಈ ಭಾರದಿಂದಾಗಿ ಚರ್ಮ ಅಡ್ಡಾದಿಡ್ಡಿಯಾಗಿ ಕಂಪಿಸದೆ, ಒಂದಕ್ಕೊಂದು ಹೊಂದುವ ಕಂಪನಗಳನ್ನೇ ಕೊಡುತ್ತದೆ. ಇದನ್ನು ಕಂಡುಹಿಡಿದು 1920ರಲ್ಲಿ ಲೇಖನ ಬರೆದವರು ಯಾರು ಗೊತ್ತೆ? ಮುಂದೆ ನೊಬೆಲ್ ಬಹುಮಾನ ಪಡೆದು, ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್! ಲೇಖನ ಬರೆಯುವಾಗ ಒಬ್ಬ ಜೊತೆಗಾರರೂ ಇದ್ದರು.

ತಬಲವನ್ನು ಶ್ರುತಿಗೆ ತರಲು ಅದರ ಪಕ್ಕದ ಮರದ ತುಂಡುಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ. ಸರಿಯಾಯಿತೋ ಇಲ್ಲವೋ ಎಂದು ಹೇಳುವುದು ಕಿವಿ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಂಡರೆ ಪಂಚಮಕ್ಕೆ 360, ಮೇಲಿನ ಷಡ್ಜಕ್ಕೆ 480. ಲೆಕ್ಕ ಗೊತ್ತಿಲ್ಲದವರ ಕಿವಿಗೂ ಈ ಹೊಂದಾಣಿಕೆ ಗೊತ್ತು. ಒಂದೆರಡು ಕಂಪನ ಹೆಚ್ಚು ಕಡಿಮೆಯಾದರೂ ಪಳಗಿದ ಕಿವಿ ಹಿಡಿಯುತ್ತದೆ.

ಹಾಗಾದರೆ ಕಣ್ಣಿಲ್ಲದವರಿಗೆ ದೇವರು ಹೆಚ್ಚಿನ ಕಿವಿ ಕೊಟ್ಟಿರುತ್ತಾನೆಯೇ? ಹಾಗೆಂದು ಹಲವರು ಹೇಳುತ್ತಾರೆ. ಅವರ ಕಿವಿತಮಟೆ, ಒಳಕಿವಿ ಎಲ್ಲ ನಮ್ಮದರಂತೆಯೇ ಇರುತ್ತವೆ. ಆದರೆ ಮೆದುಳಿನಲ್ಲಿ ಒಂದು ಸೋಜಿಗ ನಡೆಯುತ್ತದೆ. ತಲೆಯ ಹಿಂಭಾಗದಲ್ಲಿ ನೋಟಕ್ಕೆ ಮೀಸಲಾದ ಭಾಗವೊಂದಿದೆ. ಚಿಕ್ಕಂದಿನಿಂದ ದೃಷ್ಟಿ ಇಲ್ಲದವರಲ್ಲಿ ಈ ಭಾಗ ಸುಮ್ಮನೆ ಕೂರುವುದಿಲ್ಲ. ಬ್ರೈಲ್ ಓದುವಾಗ, ಸದ್ದು ಬಂದ ದಿಕ್ಕನ್ನು ಗುರುತಿಸುವಾಗ ಅದೂ ಕೆಲಸಕ್ಕೆ ಕೈಜೋಡಿಸುತ್ತದೆ. 1990ರ ದಶಕದಲ್ಲಿ ಮೆದುಳಿನ ಚಿತ್ರ ತೆಗೆಯುವ ಯಂತ್ರಗಳಿಂದ ವಿಜ್ಞಾನಿಗಳು ಇದನ್ನು ಕಂಡರು. ಆದರೆ ಇದು ತಾನಾಗಿ ಆಗಿಬಿಡುವ ವರವಲ್ಲ, ದಿನದಿನದ ಅಭ್ಯಾಸವೂ ಬೇಕು. ಅಭ್ಯಾಸ ಮಾಡಲು ಅವಕಾಶ ಬೇಕು. ಪಂಚಾಕ್ಷರಿಗೆ ಆ ಅವಕಾಶ ಸಿಕ್ಕಿತ್ತು.

ಸಂಗೀತ ಕಲಿತು ಹೆಸರು ಬಂದ ಮೇಲೆ ಗವಾಯಿಗಳು ರಾಜರ ಆಸ್ಥಾನ, ದೊಡ್ಡ ಪಟ್ಟಣ ಎಂದು ಹುಡುಕಿಕೊಂಡು ಹೋಗಲಿಲ್ಲ. ಮದುವೆಯಾಗಲಿಲ್ಲ. ತನ್ನಂತೆ ಜಗಲಿಯ ಮೇಲೆ ಕುಳಿತ ಮಕ್ಕಳು ಊರೂರಲ್ಲಿ ಇದ್ದಾರಲ್ಲ, ಅವರಿಗೆ ಕಲಿಸುವುದೇ ತನ್ನ ಕೆಲಸ ಎಂದು ನಿಶ್ಚಯಿಸಿದರು. ಕುಮಾರಸ್ವಾಮಿಗಳ ಬೆಂಬಲ ಇತ್ತು. ಬಾದಾಮಿಯ ಹತ್ತಿರ ಮಲಪ್ರಭಾ ನದಿಯ ದಡದಲ್ಲಿ ಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ್ದರು. 1930ರಲ್ಲಿ ಸ್ವಾಮಿಗಳು ತೀರಿಕೊಂಡರು. ಗವಾಯಿಗಳ ಕೆಲಸ ನಿಲ್ಲಲಿಲ್ಲ.

ಅವರ ಶಾಲೆಗೆ ಬಹುಕಾಲ ಕಟ್ಟಡವೇ ಇರಲಿಲ್ಲ. ಅದು ಸಂಚಾರಿ ಶಾಲೆ. ಗುರುವೂ ಶಿಷ್ಯರೂ ಊರಿಂದೂರಿಗೆ ಹೋಗುತ್ತಿದ್ದರು. ಊರಿನವರು ತಂಗಲು ಜಾಗ, ಉಣ್ಣಲು ರೊಟ್ಟಿ ಕೊಡುತ್ತಿದ್ದರು. ಸಂಜೆ ಗುಡಿಯಲ್ಲೋ ಮಠದಲ್ಲೋ ಹಾಡು. ಅಂಧರು, ತಂದೆ ತಾಯಿ ಇಲ್ಲದವರು, ತೀರ ಬಡವರು, ಎಲ್ಲ ಬಗೆಯ ಮಕ್ಕಳೂ ಅಲ್ಲಿದ್ದರು. ಅಷ್ಟು ಹೊಟ್ಟೆಗಳನ್ನು ತುಂಬಿಸುವುದು ಸುಲಭವೆ? ಬರ ಬಿದ್ದರೆ ಕೊಡುವ ಕೈಗಳೂ ಬರಿದಾಗುತ್ತವೆ. ಆಗ ಗವಾಯಿಗಳು ನಾಟಕದ ಕಂಪನಿಯನ್ನೂ ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕಗಳೆಂದರೆ ಆ ಕಾಲದಲ್ಲಿ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾಟಕದಿಂದ ಬಂದ ಹಣ ಮಕ್ಕಳ ಊಟಕ್ಕೆ, ಪಾಠಕ್ಕೆ.

ನನಗೆ ಈ ನಾಟಕ ಕಂಪನಿ ಬಹಳ ಮುಖ್ಯ ಎನ್ನಿಸುತ್ತದೆ. ಏಕೆಂದರೆ ಜಾತ್ರೆಯಲ್ಲಿ ಕೈಚಾಚಿ ಕೂರಬೇಕಾಗಿದ್ದವರು ಅದೇ ಜಾತ್ರೆಗೆ ಕಲಾವಿದರಾಗಿ ಬಂದರು. ಒಬ್ಬ ಹಾಡಿದ, ಒಬ್ಬ ಹಾರ್ಮೋನಿಯಂ ನುಡಿಸಿದ, ಒಬ್ಬ ತಬಲ ಹಿಡಿದ. ಜನ ಟಿಕೇಟು ಕೊಂಡು ಬಂದು ಕುಳಿತು ಕೇಳಿದರು. ಅವರನ್ನು ಅಯ್ಯೋ ಪಾಪ ಎನ್ನುತ್ತಿದ್ದ ಊರೇ ಅವರ ಹಾಡಿಗೆ ಕಾಯುವಂತಾಯಿತು.

ಕಣ್ಣು ಕಾಣುವವರೂ ಗವಾಯಿಗಳ ಬಳಿ ಕಲಿಯಲು ಬಂದರು. ಬಸವರಾಜ ರಾಜಗುರು ಎಂಬ ಹುಡುಗ ಬಂದಾಗ ಅವನಿಗೆ ಸುಮಾರು ಹದಿಮೂರು ವರ್ಷ. ಗವಾಯಿಗಳು ಅವನ ಕಂಠವನ್ನು ಗುರುತಿಸಿ ಶಿಷ್ಯನನ್ನಾಗಿ ತೆಗೆದುಕೊಂಡರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಆ ದೊಡ್ಡ ಸಭೆಯಲ್ಲಿ ಬಸವರಾಜನ ಮೊದಲ ಕಛೇರಿ. ಹುಡುಗನಿಗಿನ್ನೂ ಹದಿನಾರು ವರ್ಷ. ಅವನ ಪಕ್ಕದಲ್ಲಿ ತಬಲ ಹಿಡಿದು ಕುಳಿತವರು ಯಾರು? ಸ್ವತಃ ಗುರುಗಳೇ! ಶಿಷ್ಯ ಹಾಡುತ್ತಾನೆ, ಗುರು ತಾಳ ಕೊಡುತ್ತಾರೆ. ಮುಂದೆ ಬಸವರಾಜ ರಾಜಗುರು ದೇಶಕ್ಕೆಲ್ಲ ಹೆಸರಾದ ಹಿಂದೂಸ್ತಾನಿ ಗಾಯಕರಾದರು. ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಬಂದಿತು.

ಇನ್ನೊಬ್ಬ ಶಿಷ್ಯನ ಹೆಸರು ಪುಟ್ಟರಾಜ. ಹುಟ್ಟಿದ್ದು 1914ರ ಮಾರ್ಚ್ 3ರಂದು, ಇದೇ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಸೋದರಮಾವನ ಮನೆಯಲ್ಲಿ ಬೆಳೆದ. ಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತ ತಾನೇ ಹಾಡು ಹಿಡಿಯುತ್ತಿದ್ದ ಹುಡುಗನನ್ನು ಮಾವ ಗವಾಯಿಗಳ ಬಳಿಗೆ ತಂದು ಬಿಟ್ಟರು. ಪುಟ್ಟರಾಜ ಗುರುವಿನ ಬಳಿ ಹಾಡು, ತಬಲ, ಪಿಟೀಲು ಎಂದು ಒಂದೊಂದಾಗಿ ಕಲಿತರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪಂಡಿತರಾದರು. ನಾಟಕಗಳನ್ನು ಬರೆದರು.

ಸುತ್ತಾಟದ ಶಾಲೆ ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. ಬಸರಿಗಿಡದ ವೀರಪ್ಪ ಎಂಬ ಉದಾರಿಗಳು ಜಾಗ ಕೊಟ್ಟರು. ಅವರ ಹೆಸರು ಸೇರಿಕೊಂಡು ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಮಳೆ ಬಂದರೆ ಎಲ್ಲಿ ತಂಗುವುದು ಎಂಬ ಚಿಂತೆ ಮಕ್ಕಳಿಗೆ ತಪ್ಪಿತು. ಆದರೆ ಗವಾಯಿಗಳು ಅಲ್ಲಿ ಹೆಚ್ಚು ಕಾಲ ಇರಲಿಲ್ಲ. 1944ರ ಜೂನ್ 11ರಂದು ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಗುರು ಹೋದ ಮೇಲೆ ಶಾಲೆ ಮುಚ್ಚಿಹೋಗಬಹುದಿತ್ತು. ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು ಆ ಹೊರೆಯನ್ನು ಹೊತ್ತರು. ಮುಂದಿನ 66 ವರ್ಷ ಇಳಿಸಲಿಲ್ಲ. ಭಕ್ತರು ಅವರಿಗೆ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ಅವರ ತೂಕಕ್ಕೆ ಸಮನಾಗಿ ನಾಣ್ಯಗಳನ್ನು ಸುರಿಯುವುದು. ಸಾವಿರಾರು ಬಾರಿ ಹೀಗೆ ತೂಗಿಸಿಕೊಂಡರು. ಬಂದ ಹಣ ಆಶ್ರಮದ ಮಕ್ಕಳಿಗೆ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ನಿಧನರಾದರು. ಅವರ ಗುರುವಿನ ಜೀವನವನ್ನು ಕುರಿತ ಗಾನಯೋಗಿ ಪಂಚಾಕ್ಷರಿ ಗವಾಯಿ ಎಂಬ ಚಲನಚಿತ್ರ 1995ರಲ್ಲಿ ಬಂದಿತು. ಅದರಲ್ಲಿ ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಇದನ್ನೆಲ್ಲ ಓದಿ, ಕಣ್ಣು ಕಾಣದವರೆಲ್ಲ ಹಾಡುಗಾರರೇ ಆಗಬೇಕು ಎಂದುಕೊಳ್ಳಬೇಡಿ. ನಿಮ್ಮಲ್ಲಿ ಎಲ್ಲರೂ ಹಾಡುತ್ತೀರಾ? ಇಲ್ಲ. ಅವರೂ ಹಾಗೆಯೇ. ಗವಾಯಿಗಳ ಕಾಲದಲ್ಲಿ ತೆರೆದಿದ್ದ ಬಾಗಿಲು ಒಂದು, ಈಗ ಹಲವು. ಮೊಬೈಲು, ಕಂಪ್ಯೂಟರುಗಳು ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುತ್ತವೆ. ದೃಷ್ಟಿ ಇಲ್ಲದ ಶಿಕ್ಷಕರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಿದ್ದಾರೆ. ಅವರು ನ್ಯಾಯಾಧೀಶರಾಗುವುದನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಒಳಗೆ ಗುಂಡುಗಳಿದ್ದು ಗಿಲಗಿಲ ಸದ್ದು ಮಾಡುವ ಚೆಂಡಿನಿಂದ ಅವರು ಕ್ರಿಕೆಟ್ ಆಡುತ್ತಾರೆ. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ನಮ್ಮ ಕರ್ನಾಟಕದವರೇ.

ನಿಮ್ಮ ಊರಿನಲ್ಲಿ ಶಾಲೆಗೆ ಬಾರದೆ ಮನೆಯಲ್ಲೇ ಉಳಿದ ವಿಕಲಚೇತನ ಮಗು ಇದ್ದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂತಹ ಮಕ್ಕಳಿಗಾಗಿಯೇ ಶಿಕ್ಷಕರಿರುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮಗು ಶಾಲೆಗೆ ಬರುವುದು ಯಾರ ಕೃಪೆಯೂ ಅಲ್ಲ, 2016ರ ಕಾನೂನು ಕೊಟ್ಟ ಹಕ್ಕು. ಬಂದ ಮೇಲೆ ಮಾಡಬೇಕಾದ ಕೆಲಸ ನಿಮ್ಮದೂ ಇದೆ. ಕರಿಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಹತ್ತಿರ ಹೋದಾಗ ನಿಮ್ಮ ಹೆಸರು ಹೇಳಿ, ಎದ್ದು ಹೋಗುವಾಗಲೂ ತಿಳಿಸಿ. ದಾರಿ ತೋರಿಸಲೇ ಎಂದು ಮೊದಲು ಕೇಳಿ. ಹೂಂ ಎಂದರೆ ಕೈಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಆಟಕ್ಕೆ, ಪ್ರಾರ್ಥನೆಗೆ, ಪ್ರವಾಸಕ್ಕೆ, ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋಗುವಾಗ ಅವರನ್ನು ಬಿಟ್ಟು ಹೋಗಬೇಡಿ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಗಾಜಿನ ಲೋಟ, ನೀರು, ಒಂದು ಚಮಚ ತೆಗೆದುಕೊಳ್ಳಿ. ಮೊದಲ ಲೋಟವನ್ನು ಮುಕ್ಕಾಲು ಭಾಗ ತುಂಬಿಸಿ, ಅಂಚನ್ನು ಚಮಚದಿಂದ ಮೆಲ್ಲಗೆ ತಟ್ಟಿ. ಅದನ್ನು ಷಡ್ಜ ಎಂದುಕೊಳ್ಳಿ. ಹಾರ್ಮೋನಿಯಂ ಬಲ್ಲ ಶಿಕ್ಷಕರು ಇದ್ದರೆ ಸ್ವರ ಕೇಳಿಸಿಕೊಳ್ಳಿ. ಈಗ ಉಳಿದ ಲೋಟಗಳ ನೀರನ್ನು ಹೆಚ್ಚು ಕಡಿಮೆ ಮಾಡುತ್ತ ಗಾಂಧಾರ ಮತ್ತು ಪಂಚಮಗಳನ್ನು ಹಿಡಿಯಿರಿ. ನಿಮ್ಮ ಗುಂಪಿನಲ್ಲಿ ದೃಷ್ಟಿ ಇಲ್ಲದ ಗೆಳೆಯ ಗೆಳತಿ ಇದ್ದರೆ ಸ್ವರ ಸರಿಯಾಯಿತೇ ಎಂದು ಹೇಳುವ ಕೆಲಸವನ್ನು ಸರದಿಯಲ್ಲಿ ಅವರಿಗೂ ಕೊಡಿ, ನೀರು ಸುರಿಯುವ ಕೆಲಸವನ್ನೂ ಕೊಡಿ. ಬೆರಳನ್ನು ಲೋಟದೊಳಗೆ ಇಳಿಸಿ ನೀರಿನ ಮಟ್ಟ ತಿಳಿಯಬಹುದು.

ನೀರು ಹೆಚ್ಚಿದಷ್ಟೂ ಸ್ವರ ಇಳಿಯುವುದನ್ನು ಗಮನಿಸಿದಿರಾ? ಲೋಟದ ಗಾಜು ಕಂಪಿಸುವಾಗ ನೀರನ್ನೂ ಹೊತ್ತು ಕಂಪಿಸಬೇಕು. ಭಾರ ಹೆಚ್ಚಾದರೆ ಕಂಪನ ನಿಧಾನವಾಗುತ್ತದೆ. ಹಾಗಾದರೆ ತಬಲದ ಕಪ್ಪು ಬಿಲ್ಲೆ ಇನ್ನಷ್ಟು ದಪ್ಪವಾಗಿದ್ದರೆ ಅದರ ಸ್ವರ ಏನಾಗುತ್ತಿತ್ತು? ಗುಂಪಿನಲ್ಲಿ ಚರ್ಚಿಸಿ, ಉತ್ತರವನ್ನು ವಿಜ್ಞಾನದ ನೋಟ್ ಪುಸ್ತಕದಲ್ಲಿ ಬರೆಯಿರಿ.